ಮೊಲದ ಮೈಗೆ ಕಜ್ಜಿ, ಹಕ್ಕಳೆ, ಕೂದಲುದುರು: ಎಣ್ಣೆಯೋ, ಟ್ಯೂಬೋ, ಇಂಜೆಕ್ಷನ್ನೋ?

ಮನೆಯೊಳಗೆ ಸಾಕಿದ ಮೊಲದ ಮೂಗಿನ ಮೇಲೆ ಬೂದು ಹಕ್ಕಳೆ ಕಾಣಿಸಿಕೊಂಡರೆ ಸಲಹೆಗಳಿಗೆ ಬರವಿಲ್ಲ. ಅಜ್ಜಿ ಹೊಂಗೆ ಎಣ್ಣೆ ಹಚ್ಚು ಅನ್ನುತ್ತಾರೆ. ಮೆಡಿಕಲ್ ಸ್ಟೋರಿನವರು ಒಂದು ಟ್ಯೂಬ್ ಕೊಡುತ್ತಾರೆ. ಡೇರಿಗೆ ಹಾಲು ಹಾಕುವ ಪಕ್ಕದ ಮನೆಯವರು ಹಸುವಿಗೆ ತಂದಿಟ್ಟ ಇಂಜೆಕ್ಷನ್ ಬಾಟಲಿಯನ್ನೇ ತೋರಿಸುತ್ತಾರೆ. ಮೊಲ ಮಾರಿದವರು ಫೋನಿನಲ್ಲಿ ಶಾಂಪೂ ಹಾಕಿ ತೊಳೆಯಿರಿ ಅಂತಾರೆ. ಬೆಂಗಳೂರಿನ ನೆಂಟರದು ಇನ್ನೊಂದು ರಾಗ: ಇಲ್ಲಿಗೇ ತಂದು ತೋರಿಸಿ. ಶಿಡ್ಲಘಟ್ಟದಲ್ಲೋ ಮಾಲೂರಿನಲ್ಲೋ ಮಧುಗಿರಿಯಲ್ಲೋ ಒಂದೋ ಎರಡೋ ಮೊಲ ಇಟ್ಟುಕೊಂಡವರಿಗೆ ಇವುಗಳಲ್ಲಿ ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಅನ್ನುವುದೇ ದೊಡ್ಡ ತಲೆನೋವು. ಒಂದು ತೊಂದರೆಗೆ ಸರಿಹೋಗುವ ಮದ್ದು ಇನ್ನೊಂದಕ್ಕೆ ವ್ಯರ್ಥ, ಮತ್ತೊಂದಕ್ಕೆ ವಿಷ.

ಆಯ್ಕೆಯನ್ನು ಅಳೆಯುವುದು ಹೇಗೆ

ಮೊದಲ ಅಳತೆ, ಅದು ನಿಜವಾದ ಕಾರಣಕ್ಕೆ ನಾಟುತ್ತದೆಯೇ ಅನ್ನುವುದು. ಮೊಲದ ಚರ್ಮದ ತೊಂದರೆ ಹೊರಗೆ ಒಂದೇ ಥರ ಕಂಡರೂ ಒಳಗೆ ನುಸಿ ಇರಬಹುದು, ಹುಳುಕಡ್ಡಿ ಇರಬಹುದು, ಉಚ್ಚೆಯ ತೇವ ಇರಬಹುದು, ಹಲ್ಲಿನ ತೊಂದರೆಯೂ ಇರಬಹುದು. ನುಸಿಗೆ ಹುಳುಕಡ್ಡಿಯ ಕ್ರೀಮು ಹಚ್ಚಿ ತಿಂಗಳು ಕಳೆದರೆ ಹೋದದ್ದು ಟ್ಯೂಬಿನ ದುಡ್ಡು ಮಾತ್ರವಲ್ಲ, ಆ ತಿಂಗಳೂ ಹೋಯಿತು.

ಎರಡನೆಯದು, ನೆಕ್ಕಿದರೆ ಏನಾಗುತ್ತದೆ. ಮೊಲ ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿ. ಅದರ ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ ಅಂತಲೇ ಲೆಕ್ಕ ಹಾಕಬೇಕು. ನಾಯಿ ಬೆಕ್ಕಿನಂತೆ ವಾಂತಿ ಮಾಡಿ ಹೊರಹಾಕಲು ಮೊಲಕ್ಕೆ ಆಗುವುದಿಲ್ಲ. ಹೋಗಿದ್ದು ಕರುಳಿನ ದಾರಿಯಲ್ಲೇ ಸಾಗಬೇಕು, ಅಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳು ಕೆಟ್ಟರೆ ಮೊಲ ಮೇವು ಬಿಡುತ್ತದೆ.

ಮೂರನೆಯದು, ಎಷ್ಟು ಸಲ ಹಿಡಿಯಬೇಕು. ದಿನಕ್ಕೆರಡು ಸಲ ಹಚ್ಚುವ ಮದ್ದೆಂದರೆ ದಿನಕ್ಕೆರಡು ಸಲ ಹೆದರಿಸಿದಂತೆ. ಬೆದರಿದ ಮೊಲ ಹಿಂಗಾಲನ್ನು ಜಾಡಿಸಿ ಒದ್ದರೆ ಸೊಂಟದ ಹತ್ತಿರ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ಎರಡು ವಾರಕ್ಕೊಮ್ಮೆ ಮುಗಿಯುವ ಚಿಕಿತ್ಸೆಗೆ ಈ ಒಂದು ಕಾರಣಕ್ಕೇ ಹೆಚ್ಚು ಅಂಕ.

ಇನ್ನು ಮನೆಯವರಿಗೆ ಅಂಟುತ್ತದೆಯೇ, ಎಷ್ಟು ದಿನ ಕಾಯಬಹುದು ಅನ್ನುವುದು. ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿ, ಸಕ್ಕರೆ ಕಾಯಿಲೆಯವರು ಇದ್ದರೆ 'ನೋಡೋಣ' ಅಂತ ಕೂರುವ ಅವಕಾಶ ಕಡಿಮೆ. ದುಡ್ಡಿನ ಪ್ರಶ್ನೆ ಇವೆಲ್ಲ ಆದಮೇಲೆ ಬರಲಿ. ಮೊಲದ ವಿಷಯದಲ್ಲಿ ಅಗ್ಗದ ದಾರಿ ಮತ್ತು ಸರಿಯಾದ ದಾರಿ ಬಹಳ ಸಲ ಒಂದೇ ಆಗಿರುತ್ತದೆ, ಅದು ಮುಂದೆ ಗೊತ್ತಾಗುತ್ತದೆ.

ಎಲ್ಲಿ ಶುರುವಾಯಿತು ನೋಡಿ

ಮದ್ದು ಆರಿಸುವ ಮುಂಚೆ ಹಗಲು ಬೆಳಕಿನಲ್ಲಿ, ಮೊಲವನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಒಂದು ಟಾರ್ಚ್ ಹಿಡಿದು ಮೂತಿಯಿಂದ ಬಾಲದವರೆಗೆ ನೋಡಿ. ತೊಂದರೆ ಮೈಯ ಯಾವ ಭಾಗದಲ್ಲಿ ಮೊದಲು ಶುರುವಾಯಿತು ಅನ್ನುವುದೇ ಅರ್ಧ ಉತ್ತರ.

ಕಿವಿಯ ಒಳಗೆ ಕಂದು ಬಣ್ಣದ, ಪದರ ಪದರವಾದ ಒಣ ಹಕ್ಕಳೆ, ತಲೆ ಕೊಡವುವುದು, ಒಂದು ಕಿವಿ ಜೋತುಬಿದ್ದಿರುವುದು: ಇದು ಸೋರಾಪ್ಟಿಸ್ ಅನ್ನುವ ಕಿವಿ ನುಸಿ. ಆ ಹಕ್ಕಳೆಯನ್ನು ಇಯರ್ ಬಡ್‌ನಿಂದ ಕೆರೆದು ತೆಗೆಯಲು ಎಲ್ಲರ ಕೈಯೂ ತುರಿಸುತ್ತದೆ. ತೆಗೆಯಬೇಡಿ. ಅದರಡಿ ಹಸಿ ಗಾಯ ಇರುತ್ತದೆ, ಕಿತ್ತರೆ ರಕ್ತ ಬರುತ್ತದೆ, ನೋವಂತೂ ಹೇಳತೀರದು. ನುಸಿ ಸತ್ತಮೇಲೆ ಒಂದೆರಡು ವಾರದಲ್ಲಿ ಹಕ್ಕಳೆ ತಾನೇ ಉದುರುತ್ತದೆ.

ಮೂಗಿನ ತುದಿ, ತುಟಿ, ಕಿವಿಯ ಅಂಚು, ಕಾಲುಗುರಿನ ಬುಡದಲ್ಲಿ ಬಿಳಿ ಅಥವಾ ಬೂದು ಗಟ್ಟಿ ಹಕ್ಕಳೆ, ಎಡೆಬಿಡದ ತುರಿಕೆ ಇದ್ದರೆ ಅದು ಸಾರ್ಕಾಪ್ಟಿಸ್ ಜಾತಿಯ ಕಜ್ಜಿ. ನಮ್ಮ ಕಡೆ ಸಂತೆಯಿಂದ, ಸಾಕಣೆ ಶೆಡ್ಡುಗಳಿಂದ ತಂದ ಮರಿಗಳಲ್ಲಿ ಇದು ಮಾಮೂಲು. ಮನುಷ್ಯರ ಕೈಗೂ ತುರಿಕೆ ಹತ್ತುತ್ತದೆ.

ಬೆನ್ನ ಮೇಲೆ, ಕತ್ತಿನ ಹಿಂದೆ ದಪ್ಪ ಹೊಟ್ಟು ಕಂಡರೆ ಒಂದು ಸಣ್ಣ ಪರೀಕ್ಷೆ ಮಾಡಿ. ಕಪ್ಪು ಕಾಗದದ ಮೇಲೆ ಮೊಲದ ಬೆನ್ನನ್ನು ಬಾಚಿ, ಬಿದ್ದ ಹೊಟ್ಟನ್ನು ಒಂದು ನಿಮಿಷ ಸುಮ್ಮನೆ ದಿಟ್ಟಿಸಿ. ಬಿಳಿ ಚುಕ್ಕೆಗಳಲ್ಲಿ ಕೆಲವು ನಿಧಾನಕ್ಕೆ ಸರಿದರೆ ಅದು ಚೈಲೆಟಿಯೆಲ್ಲ ನುಸಿ. ಮೊಲವನ್ನು ಎತ್ತಿಕೊಳ್ಳುವವರ ಮುಂಗೈ, ಹೊಟ್ಟೆಯ ಮೇಲೆ ಸಣ್ಣ ಕೆಂಪು ಗುಳ್ಳೆ ಏಳಬಹುದು. ಮೊಲ ವಾಸಿಯಾದರೆ ಅದೂ ಹೋಗುತ್ತದೆ.

ತಲೆ, ಕಿವಿಬುಡ, ಪಾದದ ಮೇಲೆ ದುಂಡಗೆ ಕೂದಲುದುರಿ, ಅಂಚು ಕೆಂಪಾಗಿ, ಮೇಲೆ ಪುಡಿಪುಡಿ ಹಕ್ಕಳೆ ಇದ್ದರೆ ಹುಳುಕಡ್ಡಿಯ ಅನುಮಾನ. ಮೊಲಗಳಲ್ಲಿ ಹೆಚ್ಚಾಗಿ ಇದನ್ನು ತರುವುದು ಟ್ರೈಕೋಫೈಟಾನ್ ಮೆಂಟಗ್ರೊಫೈಟಿಸ್ ಅನ್ನುವ ಶಿಲೀಂಧ್ರ. ಕೆಲವರು ನೀಲಿ ಬೆಳಕಿನ ವುಡ್ಸ್ ಲ್ಯಾಂಪ್ ಹಾಕಿ, ಹೊಳೆಯಲಿಲ್ಲ, ಹುಳುಕಡ್ಡಿ ಅಲ್ಲ ಅಂದುಬಿಡುತ್ತಾರೆ. ಈ ಶಿಲೀಂಧ್ರ ಆ ಬೆಳಕಿಗೆ ಹೊಳೆಯುವುದೇ ಇಲ್ಲ. ಹೊಳೆಯುವುದು ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಜಾತಿ.

ಹಿಂಗಾಲಿನ ಹಿಮ್ಮಡಿಯಲ್ಲಿ ಕೂದಲು ಸವೆದು ಚರ್ಮ ಕೆಂಪಾಗಿದ್ದರೆ ಅದು ನೆಲದ ತಪ್ಪು. ಗಲ್ಲದ ಕೆಳಗಿನ ಗಂಗೆದೊಗಲು ಸದಾ ಒದ್ದೆಯಾಗಿದ್ದರೆ ನೀರಿನ ಬಟ್ಟಲು ಅಥವಾ ಹಲ್ಲು. ಬಾಲದ ಸುತ್ತ ಒದ್ದೆ, ವಾಸನೆ ಇದ್ದರೆ ಉಚ್ಚೆಯ ಸುಟ್ಟಗಾಯ. ಚರ್ಮದಡಿ ಗಟ್ಟಿ ಗಂಟು ಇದ್ದರೆ ಕೀವಿನ ಬಾವು. ಮೊಲದ ಕೀವು ತೆಳ್ಳಗೆ ಹರಿಯುವುದಿಲ್ಲ, ಗಟ್ಟಿಯಾಗಿ ಒಳಗೇ ಕೂರುತ್ತದೆ, ಸೂಜಿ ಚುಚ್ಚಿ ಹಿಂಡಿದರೆ ಬರುವುದಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು.

ಹಾಗೆಯೇ ರೋಗವೇ ಅಲ್ಲದ ಎರಡು ಸಂಗತಿಗಳು. ಕೂದಲು ಬದಲಾಗುವ ಕಾಲದಲ್ಲಿ ಮುಷ್ಟಿಗಟ್ಟಲೆ ಉದುರುತ್ತದೆ, ಆದರೆ ಅಡಿಯ ಚರ್ಮ ನುಣುಪಾಗಿ, ಹೊಸ ಕೂದಲು ಮೊಳೆಯುತ್ತಾ ಇರುತ್ತದೆ. ಹೆಣ್ಣು ಮೊಲ ಗರ್ಭ ನಿಂತಿತೆಂಬ ಭ್ರಮೆಯಲ್ಲಿ ತನ್ನ ಎದೆಯ, ಗಂಗೆದೊಗಲಿನ ಕೂದಲನ್ನು ಕಿತ್ತು ಗೂಡು ಕಟ್ಟುತ್ತದೆ. ಎರಡೂವರೆ ವಾರದೊಳಗೆ ತಾನೇ ನಿಲ್ಲುತ್ತದೆ. ಇವೆರಡಕ್ಕೂ ಮದ್ದು ಹಾಕುವುದು ಆರೋಗ್ಯವಂತ ಮೊಲಕ್ಕೆ ತೊಂದರೆ ಕೊಟ್ಟಂತೆ.

ಸ್ನಾನ

ಇದನ್ನು ಬೇಗ ಮುಗಿಸೋಣ. ಬೇಡ. ಮೊಲದ ಒತ್ತು ಕೂದಲು ಒಣಗಲು ಗಂಟೆಗಳೇ ಬೇಕು, ಅಷ್ಟರಲ್ಲಿ ಮೈ ತಣ್ಣಗಾಗುತ್ತದೆ, ಹೆದರಿಕೆಗೆ ಎದೆ ನಿಲ್ಲುವುದೂ ಉಂಟು. ಹಿಂಭಾಗ ಕೊಳೆಯಾಗಿದ್ದರೆ ಅಷ್ಟು ಭಾಗವನ್ನು ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ, ಬಟ್ಟೆಯಿಂದ ಒತ್ತಿ ಪೂರ್ತಿ ಒಣಗಿಸಿ. ಒಣ ಕೊಳೆಗೆ ಅಡುಗೆಯ ಕಾರ್ನ್‌ಫ್ಲೋರ್ ಉದುರಿಸಿ ಬಾಚಿದರೆ ಸಾಕು. ಮಕ್ಕಳ ಪೌಡರ್ ಬೇಡ, ದೂಳು ಶ್ವಾಸಕ್ಕೆ ಹೋಗುತ್ತದೆ.

ಎಣ್ಣೆಗಳು: ಹೊಂಗೆ, ಬೇವು, ಕೊಬ್ಬರಿ

ಹೊಂಗೆ ಎಣ್ಣೆಯನ್ನು ದನದ ಕಜ್ಜಿಗೆ ಹಚ್ಚುವುದು ನಮ್ಮ ಹಳ್ಳಿಗಳಲ್ಲಿ ತಲೆತಲಾಂತರದ ರೂಢಿ. ಎಣ್ಣೆ ಹಕ್ಕಳೆಯನ್ನು ಮೆದುಗೊಳಿಸುತ್ತದೆ, ಮೇಲಿರುವ ಕೆಲವು ನುಸಿಗಳನ್ನು ಉಸಿರುಗಟ್ಟಿಸುತ್ತದೆ, ಇದು ಸುಳ್ಳಲ್ಲ. ಆದರೆ ಸಾರ್ಕಾಪ್ಟಿಸ್ ಚರ್ಮದೊಳಗೆ ಬಿಲ ಕೊರೆದುಕೊಂಡು ಮೊಟ್ಟೆ ಇಡುತ್ತದೆ. ಎಣ್ಣೆ ಅಲ್ಲಿಗೆ ಇಳಿಯುವುದಿಲ್ಲ. ನಾಲ್ಕು ದಿನ ಚೆನ್ನಾಗಿ ಕಂಡು ಮೂರನೆಯ ವಾರ ಮತ್ತೆ ಹಕ್ಕಳೆ ಕಟ್ಟುವುದು ಇದಕ್ಕೇ.

ಹಸು ತನ್ನ ಬೆನ್ನನ್ನೆಲ್ಲ ನೆಕ್ಕಲಾರದು, ಮೊಲ ನೆಕ್ಕುತ್ತದೆ. ಕಹಿ ಎಣ್ಣೆ ನೆಕ್ಕಿದ ಮೊಲ ಮೇವು ಬಿಟ್ಟರೆ ಚರ್ಮದ ತೊಂದರೆ ಹಿಂದೆ ಸರಿದು ಹೊಟ್ಟೆಯ ತೊಂದರೆ ಮುಂದೆ ಬರುತ್ತದೆ. ಹನ್ನೆರಡು ಗಂಟೆ ಏನೂ ತಿನ್ನದ ಮೊಲ ತುರ್ತು ಚಿಕಿತ್ಸೆಯ ಮೊಲ. ಕೋಲಾರ, ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ಎಣ್ಣೆಗೆ ಕೂದಲು ಅಂಟಿಕೊಂಡರೆ ಮೈಯ ಬಿಸಿಯೂ ಹೊರಹೋಗುವುದಿಲ್ಲ. ಇನ್ನು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಹಚ್ಚುವ ಪದ್ಧತಿ ಬೇಡವೇ ಬೇಡ, ಕರ್ಪೂರ ಹೊಟ್ಟೆಗೆ ಹೋದರೆ ವಿಷ.

ಎಣ್ಣೆಗೆ ಒಂದೇ ಒಂದು ಜಾಗ ಉಳಿಯುತ್ತದೆ. ವೈದ್ಯರ ಚಿಕಿತ್ಸೆ ಶುರುವಾದ ಮೇಲೆ ಮೂಗಿನ ಹಕ್ಕಳೆ ಬಿರಿದು ನೋಯುತ್ತಿದ್ದರೆ ಬರೀ ಕೊಬ್ಬರಿ ಎಣ್ಣೆಯ ಒಂದೆರಡು ಹನಿಯನ್ನು ಬೆರಳ ತುದಿಯಲ್ಲಿ ಸವರಬಹುದು. ಅದು ಚರ್ಮಕ್ಕೆ ಹಿತ, ಅಷ್ಟೇ.

ಮೆಡಿಕಲ್ ಸ್ಟೋರಿನ ಟ್ಯೂಬು

ನಮ್ಮ ಅಂಗಡಿಗಳಲ್ಲಿ ಚರ್ಮದ ತುರಿಕೆಗೆ ಅಂತ ಕೇಳಿದರೆ ಕೈಗೆ ಬರುವ ಬಹುತೇಕ ಟ್ಯೂಬುಗಳಲ್ಲಿ ಮೂರು ಮದ್ದು ಬೆರೆತಿರುತ್ತವೆ: ಹುಳುಕಡ್ಡಿಯದೊಂದು, ಆಂಟಿಬಯಾಟಿಕ್ ಒಂದು, ಜೊತೆಗೊಂದು ಸ್ಟೀರಾಯ್ಡ್. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಮೆಥಾಸೋನ್, ಮೊಮೆಟಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಕೆಂಪು ಎರಡೇ ದಿನದಲ್ಲಿ ಇಳಿಯುತ್ತದೆ, ಮನೆಯವರಿಗೆಲ್ಲ ಸಮಾಧಾನ. ಅತ್ತ ಶಿಲೀಂಧ್ರ ಯಾರ ತಡೆಯೂ ಇಲ್ಲದೆ ಹಬ್ಬುತ್ತದೆ. ನಮ್ಮ ದೇಶದಲ್ಲಿ ಮನುಷ್ಯರ ಹುಳುಕಡ್ಡಿ ಇಷ್ಟು ಹಟಮಾರಿಯಾಗಿರುವುದಕ್ಕೆ ಈ ಬೆರಕೆ ಟ್ಯೂಬುಗಳೂ ಒಂದು ಕಾರಣವೆಂದು ಚರ್ಮ ವೈದ್ಯರು ಹೇಳುತ್ತಲೇ ಇದ್ದಾರೆ. ಮೊಲಕ್ಕಂತೂ ಸ್ಟೀರಾಯ್ಡ್ ಇನ್ನೂ ಕೆಟ್ಟದ್ದು. ಚರ್ಮದಿಂದ ಒಳಗಿಳಿದದ್ದು, ನೆಕ್ಕಿದ್ದು ಎರಡೂ ಸೇರಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಈ ಬರಹದಲ್ಲಿ ಹೋಲಿಸಿದ ದಾರಿಗಳಲ್ಲೆಲ್ಲ ಅತಿ ದುಬಾರಿ ಯಾವುದು ಅಂದರೆ ಈ ಅಗ್ಗದ ಟ್ಯೂಬೇ.

ಬೆರಕೆಯಿಲ್ಲದ ಕ್ಲೋಟ್ರಿಮಜೋಲ್ 1 ಶೇಕಡಾ ಅಥವಾ ಮೈಕೋನಜೋಲ್ 2 ಶೇಕಡಾ ಕ್ರೀಮಿನ ಮಾತು ಬೇರೆ. ಹುಳುಕಡ್ಡಿಯೆಂದು ಖಾತ್ರಿಯಾಗಿ, ಕಲೆ ಒಂದೆರಡೇ ಇದ್ದರೆ ಇದು ಸಾಕಾಗಬಹುದು. ಕಲೆಯ ಸುತ್ತ ಒಂದು ಸೆಂಟಿಮೀಟರಿನಷ್ಟು ಕೂದಲನ್ನು ಟ್ರಿಮ್ಮರಿನಿಂದ ತೆಗೆಯಿರಿ. ಕತ್ತರಿ ಬೇಡ, ಮೊಲದ ಚರ್ಮ ಕಾಗದದಷ್ಟೇ ತೆಳು, ಕೂದಲಿನ ಜೊತೆ ಚರ್ಮವೂ ಕತ್ತರಿಗೆ ಸಿಗುತ್ತದೆ. ಕೈಗೆ ಗ್ಲೌಸ್ ಹಾಕಿಕೊಂಡು ಕ್ರೀಮನ್ನು ತೆಳ್ಳಗೆ ದಿನಕ್ಕೆರಡು ಸಲ ಹಚ್ಚಿ. ಹಚ್ಚಿದ ಕೂಡಲೇ ಮೊಲಕ್ಕೆ ಇಷ್ಟವಾದ ಸೊಪ್ಪು ಕೊಟ್ಟು ಹತ್ತು ಹದಿನೈದು ನಿಮಿಷ ಅದರ ಬಾಯಿಗೆ ಕೆಲಸ ಕೊಡಿ, ಅಷ್ಟರಲ್ಲಿ ಕ್ರೀಮು ಇಂಗುತ್ತದೆ. ಕತ್ತಿಗೆ ಕೊಳವೆ ಕಾಲರ್ ಹಾಕಬಹುದಲ್ಲ ಅನ್ನಿಸುತ್ತದೆ. ಆದರೆ ಕಾಲರ್ ಹಾಕಿದ ಮೊಲಕ್ಕೆ ತನ್ನ ಮೆತ್ತನೆಯ ರಾತ್ರಿ ಹಿಕ್ಕೆಯನ್ನು ತಿನ್ನಲಾಗುವುದಿಲ್ಲ, ಅದಕ್ಕೆ ಬೇಕಾದ ಬಿ ವಿಟಮಿನ್‌ಗಳಲ್ಲಿ ಬಹುಪಾಲು ಬರುವುದು ಅದರಿಂದಲೇ. ಕಾಲರ್ ಕಡೆಯ ಉಪಾಯವಾಗಿರಲಿ.

ಕಲೆ ಮಾಯವಾದ ಮೇಲೂ ಎರಡು ವಾರ ಹಚ್ಚಬೇಕು. ಇಲ್ಲೇ ಹೆಚ್ಚಿನವರು ಎಡವುವುದು. ಕಲೆ ನಾಲ್ಕೈದು ಕಡೆ ಇದ್ದರೆ, ಕಣ್ಣಿನ ಹತ್ತಿರ ಇದ್ದರೆ, ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಮೊಲ ಇದ್ದರೆ ಕ್ರೀಮು ಹಿಡಿದು ಕೂರುವುದು ಬೇಡ. ವೈದ್ಯರು ಬಾಯಿಗೆ ಕೊಡುವ ಇಟ್ರಾಕೊನಜೋಲ್ ಬರೆಯುತ್ತಾರೆ, ಕಿಲೋ ತೂಕಕ್ಕೆ 5ರಿಂದ 10 ಮಿಲಿಗ್ರಾಂ, ಮೂರು ನಾಲ್ಕು ವಾರ. ಖರ್ಚು ಹೆಚ್ಚು, ಮೈಯೆಲ್ಲ ಹಚ್ಚುವ ಪರದಾಟ ಕಡಿಮೆ.

ಐವರ್‌ಮೆಕ್ಟಿನ್ ಇಂಜೆಕ್ಷನ್: ಮದ್ದು ಸರಿ, ಅಳತೆ ತಪ್ಪು

ಕಿವಿ ನುಸಿ, ಕಜ್ಜಿ ನುಸಿ, ಹೊಟ್ಟಿನ ನುಸಿ ಮೂರಕ್ಕೂ ಐವರ್‌ಮೆಕ್ಟಿನ್ ನಾಟುತ್ತದೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲೂ ಸಿಗುತ್ತದೆ, ಖರ್ಚು ತೀರಾ ಕಡಿಮೆ, ಹದಿನಾಲ್ಕು ದಿನಕ್ಕೊಮ್ಮೆ ಚರ್ಮದಡಿ ಕೊಟ್ಟರೆ ಎರಡು ಮೂರು ಸಲಕ್ಕೆ ಮುಗಿಯುತ್ತದೆ. ನೆಕ್ಕುವ ಚಿಂತೆ ಇಲ್ಲ. ಮೇಲಿನ ಅಳತೆಗಳಲ್ಲಿ ಎಲ್ಲದರಲ್ಲೂ ಪಾಸಾಗುವ ಮದ್ದು ಇದು. ಹಾಗಿದ್ದರೂ ಮೊಲಗಳು ಇದರಿಂದ ಸಾಯುವುದುಂಟು, ಕಾರಣ ಮದ್ದಲ್ಲ, ಸಿರಿಂಜು.

ಲೆಕ್ಕ ಹೀಗಿದೆ. ದನಕ್ಕೆ ಬರುವ 1 ಶೇಕಡಾ ಬಾಟಲಿಯಲ್ಲಿ ಒಂದು ಮಿಲಿಗೆ 10 ಮಿಲಿಗ್ರಾಂ ಮದ್ದು. ಹಸುವಿಗೆ 50 ಕಿಲೋ ತೂಕಕ್ಕೆ 1 ಮಿಲಿ. ಮೊಲಕ್ಕೆ ಕಿಲೋಗೆ 0.2ರಿಂದ 0.4 ಮಿಲಿಗ್ರಾಂ. ಅಂದರೆ 2 ಕಿಲೋ ಮೊಲಕ್ಕೆ ಬೇಕಾದದ್ದು 0.04ರಿಂದ 0.08 ಮಿಲಿ, ಒಂದೆರಡು ಹನಿ. ದನದ ಸಿರಿಂಜಿನಲ್ಲಿ ಇದನ್ನು ಅಳೆಯಲು ಸಾಧ್ಯವೇ ಇಲ್ಲ. ಅಂದಾಜಿನಲ್ಲಿ ಅರ್ಧ ಮಿಲಿ ಎಳೆದರೆ ಹತ್ತು ಪಟ್ಟಾಯಿತು. ಇನ್ಸುಲಿನ್ ಸಿರಿಂಜು ಬೇಕು, ಅಲ್ಲೂ ಒಂದು ಗುಂಡಿ ಇದೆ: ಕೆಂಪು ಮುಚ್ಚಳದ 40 ಯೂನಿಟ್ಟಿನದರಲ್ಲಿ 0.05 ಮಿಲಿ ಅಂದರೆ 2 ಯೂನಿಟ್, ಕಿತ್ತಳೆ ಮುಚ್ಚಳದ 100 ಯೂನಿಟ್ಟಿನದರಲ್ಲಿ ಅದೇ 0.05 ಮಿಲಿ ಅಂದರೆ 5 ಯೂನಿಟ್. ಯಾರೋ 5 ಯೂನಿಟ್ ಅಂದರು ಅಂತ ಕೆಂಪು ಮುಚ್ಚಳದ್ದರಲ್ಲಿ 5 ಎಳೆದರೆ ಎರಡೂವರೆ ಪಟ್ಟು ಮದ್ದು ಹೋಗುತ್ತದೆ.

ಈ ಲೆಕ್ಕ ಹೇಳಿದ್ದು ನೀವೇ ಚುಚ್ಚಲಿ ಅಂತಲ್ಲ. ಹಸು ಎಮ್ಮೆ ನೋಡಿ ಅಭ್ಯಾಸವಿರುವ ವೈದ್ಯರ ಹತ್ತಿರ ಹೋದಾಗ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ ಮೊಲದ ತೂಕವನ್ನು ಚೀಟಿಯಲ್ಲಿ ಬರೆದುಕೊಂಡು, ಒಂದು ಇನ್ಸುಲಿನ್ ಸಿರಿಂಜನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ, 'ಸಾರ್, ಎಷ್ಟು ಪಾಯಿಂಟ್ ಬರುತ್ತೆ?' ಅಂತ ಕೇಳಿ. ಯಾವ ವೈದ್ಯರೂ ಬೇಸರ ಮಾಡಿಕೊಳ್ಳುವುದಿಲ್ಲ. ಕೋವಿಡ್ ಕಾಲದಲ್ಲಿ ಮನೆಗೆ ಬಂದು ಉಳಿದಿರುವ 12 ಮಿಲಿಗ್ರಾಂ ಐವರ್‌ಮೆಕ್ಟಿನ್ ಮಾತ್ರೆಯನ್ನು ಚೂರು ಮಾಡಿ ಕೊಡುವ ಯೋಚನೆ ಬಿಡಿ. ಒಂದು ಮಾತ್ರೆಯಲ್ಲಿ ಆ ಮೊಲಕ್ಕೆ ಹದಿನೈದಕ್ಕೂ ಹೆಚ್ಚು ಡೋಸ್ ಇದೆ, ಚಾಕುವಿನಿಂದ ಅಷ್ಟು ಸಮನಾಗಿ ಹಂಚಲು ಆಗದು.

ಇನ್ನೊಂದು ಕಡೆ ಎಡವುವುದು ಒಂದೇ ಡೋಸಿಗೆ ನಿಲ್ಲಿಸುವುದರಲ್ಲಿ. ಐವರ್‌ಮೆಕ್ಟಿನ್ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊದಲ ಇಂಜೆಕ್ಷನ್ನಿಗೆ ಮೂಗು ಶುಭ್ರವಾಗಿ ಕಂಡರೂ ಎರಡನೆಯದು ಬೇಕೇ ಬೇಕು. ಮನೆಯಲ್ಲಿರುವ ಎಲ್ಲ ಮೊಲಗಳಿಗೂ ಅದೇ ದಿನ ಹಾಕಿಸಬೇಕು, ಲಕ್ಷಣ ಇರಲಿ ಬಿಡಲಿ.

ಕತ್ತಿನ ಹಿಂದೆ ಹನಿಸುವ ಮದ್ದು

ಬೆಕ್ಕುಗಳಿಗೆಂದು ಬರುವ ಸೆಲಾಮೆಕ್ಟಿನ್ ಹನಿಯನ್ನು ವೈದ್ಯರು ಮೊಲಕ್ಕೂ ಬಳಸುತ್ತಾರೆ. ಕಿಲೋಗೆ 6ರಿಂದ 18 ಮಿಲಿಗ್ರಾಂ, ಕತ್ತಿನ ಹಿಂದೆ ಕೂದಲು ಬಿಡಿಸಿ ಚರ್ಮದ ಮೇಲೆ, ನಾಲ್ಕು ವಾರಕ್ಕೊಮ್ಮೆ. ಚುಚ್ಚುವ ನೋವಿಲ್ಲ, ಅಳತೆ ತಪ್ಪುವ ಭಯ ಕಡಿಮೆ, ತೀರಾ ಹೆದರುವ ಮೊಲಕ್ಕೆ ಇದೇ ವಾಸಿ. ಬೆಲೆ ಇಂಜೆಕ್ಷನ್ನಿಗಿಂತ ಬಹಳ ಹೆಚ್ಚು, ನಮ್ಮ ಊರುಗಳ ಅಂಗಡಿಗಳಲ್ಲಿ ಬಹುತೇಕ ತರಿಸಬೇಕಾಗುತ್ತದೆ. ಒಂದೇ ಮೊಲ ಇರುವ ಮನೆಗೆ ಈ ಖರ್ಚು ಒಗ್ಗುತ್ತದೆ. ಹತ್ತು ಮೊಲ ಇರುವ ಮನೆಗೆ ಇಂಜೆಕ್ಷನ್ನೇ ಸರಿ.

ಇಲ್ಲಿ ಒಂದು ಹೆಸರನ್ನು ನೆನಪಿಡಬೇಕು: ಫಿಪ್ರೊನಿಲ್. ನಾಯಿಯ ಉಣ್ಣೆ, ಚಿಗಟಕ್ಕೆ ಸಿಗುವ ಹನಿಗಳಲ್ಲಿ, ಸ್ಪ್ರೇಗಳಲ್ಲಿ ಬಹಳ ಕಡೆ ಇರುವುದು ಇದೇ. ನಾಯಿಗೆ ಒಳ್ಳೆಯದು, ಮೊಲವನ್ನು ಕೊಲ್ಲುತ್ತದೆ. 'ಬೆಕ್ಕಿನ ಮರಿಗೂ ಆಗುತ್ತೆ ಸಾರ್, ಮೊಲಕ್ಕೇನು' ಅಂತ ಅಂಗಡಿಯವರು ಹೇಳಿದರೂ ಡಬ್ಬಿ ತಿರುಗಿಸಿ ಒಳಗಿರುವ ಮದ್ದಿನ ಹೆಸರು ಓದಿ. ಹಸುವಿನ ಉಣ್ಣೆಗೆ ನೀರಲ್ಲಿ ಕಲಸಿ ಹಚ್ಚುವ ಅಮಿಟ್ರಾಜ್, ಡೆಲ್ಟಾಮೆಥ್ರಿನ್ ಬಾಟಲಿ ಹಾಲು ಹಾಕುವ ಮನೆಗಳಲ್ಲಿ ಇದ್ದೇ ಇರುತ್ತದೆ. ಅವನ್ನೂ ಮೊಲದ ಹತ್ತಿರ ತರಬೇಡಿ.

ಕಾಲಿನ ಹುಣ್ಣಿಗೆ ಮದ್ದಿಗಿಂತ ಹಾಸು

ಹಿಮ್ಮಡಿ ಹುಣ್ಣಿನ ವಿಷಯದಲ್ಲಿ ಹೋಲಿಸಬೇಕಾದ್ದು ನೆಲವನ್ನು. ಮೊಲದ ಅಂಗಾಲಿನಲ್ಲಿ ನಾಯಿಯಂತೆ ಮೆತ್ತೆ ಇಲ್ಲ, ಕೂದಲೇ ಅದರ ಚಪ್ಪಲಿ. ತಂತಿ ಬಲೆಯ ಪಂಜರ ಆ ಕೂದಲನ್ನು ಸವೆಸುತ್ತದೆ. ಗ್ರಾನೈಟ್, ಟೈಲ್ಸ್ ನೆಲದಲ್ಲಿ ಕಾಲು ಜಾರಿ, ಭಾರವೆಲ್ಲ ಹಿಮ್ಮಡಿಗೆ ಬೀಳುತ್ತದೆ. ಮೊಲ ದಪ್ಪಗಿದ್ದರೆ, ಉಗುರು ಉದ್ದವಿದ್ದರೆ ಇನ್ನೂ ಬೇಗ.

ನಮ್ಮಲ್ಲಿ ಅಗ್ಗಕ್ಕೆ ಸಿಗುವುದು ರಾಗಿ ಹುಲ್ಲು. ಒಣಗಿದ್ದರೆ ಒಳ್ಳೆಯ ಹಾಸು, ಮೊಲ ಅದನ್ನೇ ಕಡಿಯುತ್ತಲೂ ಕೂರುತ್ತದೆ. ಕಾಂಡ ಒರಟು, ಆದ್ದರಿಂದ ಮೂರು ನಾಲ್ಕು ಬೆರಳು ದಪ್ಪ ಹಾಕಬೇಕು, ಒದ್ದೆಯಾದ ಭಾಗವನ್ನು ದಿನಾ ತೆಗೆಯಬೇಕು. ಮಳೆಗೆ ನೆಂದು ಬೂಷ್ಟು ಹಿಡಿದ ಬಣವೆಯದು ಬೇಡ. ಗೋಣಿಚೀಲ ಮೆತ್ತಗಿದೆ, ಆದರೆ ಉಚ್ಚೆಯನ್ನು ಹೀರಿಕೊಂಡು ಹಾಗೇ ಹಿಡಿದಿಡುತ್ತದೆ, ಮೇಲಾಗಿ ಹಲ್ಲಿಗೆ ಸಿಕ್ಕಿದ ನಾರು ಹೊಟ್ಟೆಗೆ ಹೋಗುತ್ತದೆ. ಪಾವಗಡ, ಶಿರಾ ಕಡೆ ರಾಶಿ ಬಿದ್ದಿರುವ ಕಡಲೆಕಾಯಿ ಸಿಪ್ಪೆ ಚೂಪು, ದೂಳೂ ಜಾಸ್ತಿ. ಸಾಮಿಲ್ಲಿನ ಮರದ ಹೊಟ್ಟು ಉಸಿರಿಗೆ ಕೆಟ್ಟದ್ದು. ಮನೆಯೊಳಗೆ ಓಡಾಡುವ ಮೊಲಕ್ಕೆ ಹಳೆಯ ಹತ್ತಿ ದುಪ್ಪಟಿಯನ್ನು ನಾಲ್ಕು ಮಡಿಕೆ ಹಾಕಿ ಹಾಸಿ, ದಿನ ಬಿಟ್ಟು ದಿನ ಬದಲಿಸುವುದು ಎಲ್ಲಕ್ಕಿಂತ ವಾಸಿ. ಖರ್ಚಂತೂ ಇಲ್ಲವೇ ಇಲ್ಲ.

ಚರ್ಮ ಬರೀ ಕೆಂಪಾಗಿದ್ದರೆ ಹಾಸು ಬದಲಿಸಿ, ಉಗುರು ಕತ್ತರಿಸಿ, ತೂಕ ಇಳಿಸಿದರೆ ಸಾಕಾಗಬಹುದು. ಒಡೆದು ರಕ್ತ, ಕೀವು ಕಂಡರೆ ಪೊವಿಡೋನ್ ಅಯೋಡಿನ್ನನ್ನು ತೆಳು ಟೀ ಬಣ್ಣ ಬರುವಷ್ಟು ನೀರು ಬೆರೆಸಿ ಒರೆಸಿ, ಒಣಗಿಸಿ, ವೈದ್ಯರ ಹತ್ತಿರ ಒಯ್ಯಿರಿ. ಸೋಂಕು ಮೂಳೆಗಿಳಿದರೆ ವಾಸಿಯಾಗುವುದು ಕಷ್ಟ.

ಈ ಹಂತದಲ್ಲಿ ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆ ಕೊಡುವವರಿದ್ದಾರೆ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್ ಬಾಯಿಗೆ ಹೋದರೆ ಮೊಲದ ಕರುಳಿನಲ್ಲಿ ಕ್ಲಾಸ್ಟ್ರಿಡಿಯಮ್ ಅನ್ನುವ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು, ಭೇದಿಯಾಗಿ ಕೆಲವೇ ದಿನದಲ್ಲಿ ಮೊಲ ಸಾಯಬಹುದು. ವೈದ್ಯರು ಮೊಲಕ್ಕೆ ಎನ್ರೋಫ್ಲೋಕ್ಸಾಸಿನ್‌ನಂಥ ಬೇರೆ ಮದ್ದು ಆರಿಸುತ್ತಾರೆ.

ಕಾಯಲಾಗದ್ದು: ಹುಳ ಬಿದ್ದರೆ

ಮಾವಿನ ಕಾಲ ಬಂತೆಂದರೆ ಶ್ರೀನಿವಾಸಪುರದ ಸುತ್ತ ನೊಣಗಳದೇ ದರ್ಬಾರು. ಅದರ ಹಿಂದೆಯೇ ಮಳೆ. ಹಿಂಭಾಗ ಒದ್ದೆಯಾಗಿರುವ ಮೊಲದ ಮೇಲೆ ನೊಣ ಮೊಟ್ಟೆ ಇಟ್ಟರೆ ಅರ್ಧ ದಿನದಿಂದ ಒಂದು ದಿನದೊಳಗೆ ಹುಳವಾಗಿ ಮಾಂಸ ಕೊರೆಯಲು ಶುರು. ಇಲ್ಲಿ ಆಯ್ಕೆಗಳ ಹೋಲಿಕೆಗೆ ಸಮಯವಿಲ್ಲ, ಹತ್ತಿರದ ಪಶುವೈದ್ಯರೇ ಸರಿಯಾದ ವೈದ್ಯರು. ಹೋಗುವ ಮುಂಚೆ ಕಣ್ಣಿಗೆ ಕಾಣುವ ಹುಳಗಳನ್ನು ಚಿಮಟದಲ್ಲಿ ಒಂದೊಂದಾಗಿ ತೆಗೆಯಿರಿ, ಮೊಲವನ್ನು ಒಣ ಬಟ್ಟೆಯಲ್ಲಿ ಬೆಚ್ಚಗಿಡಿ. ದನದ ಗಾಯದ ಹುಳಕ್ಕೆ ಹಾಕುವ ಟರ್ಪೆಂಟೈನ್, ನುಸಿಗುಳಿಗೆ ಪುಡಿ, ಫಿನಾಯಿಲ್ ಯಾವುದೂ ಮೊಲದ ಗಾಯಕ್ಕೆ ಬೇಡ. ಆ ತೆಳು ಚರ್ಮದಿಂದ ಅವು ನೇರ ರಕ್ತಕ್ಕೆ ಹೋಗುತ್ತವೆ. ಜಾನುವಾರುಗಳಿಗೆಂದಿರುವ 1962 ಸಹಾಯವಾಣಿಗೆ ಕರೆ ಮಾಡಿ ಹತ್ತಿರದ ವೈದ್ಯರು ಯಾರೆಂದು ಕೇಳುವುದರಲ್ಲಿ ತಪ್ಪಿಲ್ಲ.

ಯಾರಿಗೆ ಯಾವುದು

ಚಿಕ್ಕ ಮಕ್ಕಳಿರುವ ಊರಿನ ಮನೆ, ಒಂದೇ ಮೊಲ, ಮಗುವಿನ ಕುತ್ತಿಗೆಯಲ್ಲೂ ದುಂಡು ಕಲೆ ಬಂದಿದೆ ಅಂದರೆ ಮೊದಲು ಕಾರಣ ಖಾತ್ರಿಯಾಗಲಿ. ಮಗುವನ್ನು ಚರ್ಮ ವೈದ್ಯರಿಗೆ ತೋರಿಸುವಾಗ ಮನೆಯಲ್ಲಿ ಮೊಲ ಇದೆಯೆಂದು ಹೇಳಲೇಬೇಕು. ಹುಳುಕಡ್ಡಿಯಾದರೆ ಚಿಕಿತ್ಸೆಯ ಜೊತೆ ಮನೆಯೂ ಶುದ್ಧವಾಗಬೇಕು, ಉದುರಿದ ಕೂದಲಿನಲ್ಲಿ ಶಿಲೀಂಧ್ರದ ಬೀಜಕಣ ತಿಂಗಳುಗಟ್ಟಲೆ ಬದುಕುತ್ತದೆ. ರೇಷ್ಮೆ ಸಾಕುವವರ ಮನೆಯಲ್ಲಿ ಬ್ಲೀಚಿಂಗ್ ಪೌಡರ್ ಇದ್ದೇ ಇರುತ್ತದೆ. ಲೀಟರ್ ನೀರಿಗೆ 20 ಗ್ರಾಂ ಬೆರೆಸಿ, ಸೋಪಿನಲ್ಲಿ ತೊಳೆದ ಪಂಜರಕ್ಕೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದು ಬಿಸಿಲಿನಲ್ಲಿ ಒಣಗಿಸಿ. ಅಷ್ಟು ಹೊತ್ತು ಮೊಲ ಬೇರೆ ಕೋಣೆಯಲ್ಲಿರಲಿ.

ಹಳ್ಳಿ ಮನೆ, ಐದಾರು ಮೊಲ, ಎಲ್ಲದರ ಮೂಗಿನಲ್ಲೂ ಹಕ್ಕಳೆ, ಕೈಯಲ್ಲಿ ದುಡ್ಡು ಕಮ್ಮಿ: ತಾಲ್ಲೂಕು ಪಶು ಆಸ್ಪತ್ರೆ, ಐವರ್‌ಮೆಕ್ಟಿನ್, ಎಲ್ಲಕ್ಕೂ ಒಂದೇ ದಿನ, ಹದಿನಾಲ್ಕು ದಿನ ಬಿಟ್ಟು ಮತ್ತೆ. ಇದಕ್ಕಿಂತ ಮೇಲಿನದನ್ನು ಹುಡುಕುವ ಅಗತ್ಯ ಇಲ್ಲ. ಕಿವಿ ನುಸಿ ಮೊಲದ ಮೈಬಿಟ್ಟು ಮೂರು ವಾರದವರೆಗೂ ಬದುಕಬಲ್ಲದು, ಹಾಗಾಗಿ ಹಳೆಯ ಹಾಸನ್ನೆಲ್ಲ ಪ್ರತಿ ಇಂಜೆಕ್ಷನ್ ದಿನ ತೆಗೆದು ಸುಡಿ.

ವಯಸ್ಸಾದ, ದಪ್ಪಗಿನ ಮೊಲದ ಗಂಗೆದೊಗಲು ಅಥವಾ ಹಿಂಭಾಗ ಪದೇಪದೇ ಒದ್ದೆಯಾಗುತ್ತಿದ್ದರೆ ಯಾವ ಕ್ರೀಮಿಗೂ ದುಡ್ಡು ಹಾಕಬೇಡಿ. ಆ ದುಡ್ಡಿನಲ್ಲಿ ಹಲ್ಲು, ಮೂತ್ರಕೋಶ, ಕೀಲು ನೋಡಬಲ್ಲ ವೈದ್ಯರ ಹತ್ತಿರ ಹೋಗಿ. ಜೊಲ್ಲು ಸುರಿಯುವ ಮೊಲಕ್ಕೆ ಹಿಂದಿನ ಹಲ್ಲು ಬೆಳೆದು ನಾಲಿಗೆಗೆ ಚುಚ್ಚುತ್ತಿರಬಹುದು. ನೀರಿನ ಬಟ್ಟಲನ್ನು ಕಿರಿದು ಬಾಯಿಯದಕ್ಕೆ ಬದಲಿಸುವುದು ಮಾತ್ರ ಇವತ್ತೇ ಮಾಡಬಹುದಾದ್ದು.

ಎರಡು ಇಂಜೆಕ್ಷನ್ ಆಗಿಯೂ ಬದಲಾವಣೆ ಇಲ್ಲದಿದ್ದರೆ, ಕಾರಣ ಯಾರಿಗೂ ಖಚಿತವಿಲ್ಲದಿದ್ದರೆ, ಬೆಂಗಳೂರಿನ ಪ್ರಯಾಣಕ್ಕೆ ಆಗ ಬೆಲೆ ಬರುತ್ತದೆ. ಚಿಕ್ಕಬಳ್ಳಾಪುರದವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ದಾರಿಯಲ್ಲೇ ಸಿಗುತ್ತದೆ, ತುಮಕೂರು ಮತ್ತು ಕೋಲಾರದವರು ಊರೊಳಗೆ ಬಂದು ರಿಂಗ್ ರೋಡ್ ಹಿಡಿಯಬೇಕು. ಅಲ್ಲಿ ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನುಸಿ ನೋಡಬಹುದು, ಕೂದಲು ಕಿತ್ತು ಶಿಲೀಂಧ್ರ ಬೆಳೆಸಿ ನೋಡಬಹುದು. ಎರಡನೆಯದರ ಉತ್ತರಕ್ಕೆ ಎರಡು ಮೂರು ವಾರ ಬೇಕು, ಕಾಯುವ ಮನಸ್ಸಿರಲಿ.

ಹೋಗುವ ಎರಡು ಮೂರು ದಿನ ಮುಂಚಿನಿಂದ ಮೊಲದ ಮೈಗೆ ಎಣ್ಣೆ, ಕ್ರೀಮು, ಪೌಡರ್ ಏನೂ ಹಚ್ಚಬೇಡಿ, ಹಚ್ಚಿದರೆ ಕೆರೆದು ತೆಗೆದದ್ದರಲ್ಲಿ ನುಸಿ ಸಿಗದೇ ಹೋಗಬಹುದು. ಬೆಳಗಿನ ಮೊದಲ ಬಸ್ಸು ಹಿಡಿಯಿರಿ, ಮಧ್ಯಾಹ್ನದ ಬಿಸಿಲಿನ ಬಸ್ಸಿನೊಳಗೆ ಮೊಲ ಬದುಕುವುದೇ ಕಷ್ಟ. ಗಾಳಿಯಾಡುವ ಬುಟ್ಟಿಯಲ್ಲಿ ಅದು ದಿನಾ ತಿನ್ನುವ ಹುಲ್ಲನ್ನು ತುಂಬ ಹಾಕಿ. ಆಪರೇಷನ್ ಮಾಡಿದರೂ ಮಾಡಬಹುದು ಅಂತ ಉಪವಾಸ ಕೆಡವುವ ರೂಢಿ ನಾಯಿಗೆ, ಮೊಲಕ್ಕಲ್ಲ. ಇಲ್ಲಿಯವರೆಗೆ ಕೊಟ್ಟ ಎಲ್ಲ ಮದ್ದುಗಳ ಡಬ್ಬಿ, ಟ್ಯೂಬನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಬೇಡದ ಟ್ಯೂಬು ಹಚ್ಚಿದ್ದರೆ ಅದನ್ನು ಮುಚ್ಚಿಡದೆ ಮೊದಲು ಅದನ್ನೇ ತೋರಿಸಿ.